ಆ ಬಣ್ಣದ ಕಾಗದಕ್ಕೆ ರೊಕ್ಕ ಕೊಟ್ಟವರು ಯಾರು?



ನಿಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಗೋಡೆಗೆ ಸಾಲಾಗಿ ಬಡಿದಿರುವ ತಗಡಿನ ಟಪಾಲು ಡಬ್ಬಿಗಳಿವೆಯಲ್ಲ, ಅದರಲ್ಲಿ ನಿಮ್ಮದನ್ನು ಕೊನೆಯ ಸಲ ತೆರೆದದ್ದು ಯಾವಾಗ? ನೀವು ಮುಂಬಯಿಯವರಾಗಿರಿ, ಪುಣೆಯವರಾಗಿರಿ, ಚೆನ್ನೈ, ಹೈದರಾಬಾದ್, ದೆಹಲಿಯವರಾಗಿರಿ, ತೆರೆದಾಗ ಕಂಡದ್ದು ಹೆಚ್ಚು ಕಡಿಮೆ ಒಂದೇ ಇದ್ದೀತು. ಒಂದು ಪಿಜ್ಜಾ ಅಂಗಡಿಯ ಮೆನು, ನೀರಿನ ಫಿಲ್ಟರಿನವನ ವಿಸಿಟಿಂಗ್ ಕಾರ್ಡು, ಹತ್ತನೆಯ ಇಯತ್ತೆಯ ಟ್ಯೂಷನ್ನಿನ ಜಾಹೀರಾತು, ಜಿರಳೆ ಕೊಲ್ಲುವವರದೊಂದು, ಹೊಸ ಫ್ಲ್ಯಾಟು ಮಾರುವವರ ಹೊಳೆಯುವ ಕಾಗದವೊಂದು. ಇವುಗಳ ಅಡಿಯಲ್ಲಿ ಎಲ್ಲೋ ಒಂದು ವಿದ್ಯುತ್ ಬಿಲ್ಲು. ನೀವು ಯಾರನ್ನೂ ಕರೆದಿರಲಿಲ್ಲ. ಆದರೂ ಎಲ್ಲರೂ ಬಂದಿದ್ದಾರೆ.

ಈ ಕರೆಯದೆ ಬರುವ ಕಾಗದಗಳ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಇದು 2004ರ ಮಾತು. ನಾವು ಡೊಂಬಿವಲಿಯಲ್ಲಿದ್ದೆವು. ಧಾರವಾಡದ ನನ್ನ ಸೋದರತ್ತೆಗೆ ಎಪ್ಪತ್ತು ದಾಟಿತ್ತು. ಫೋನು ಆಕೆಗೆ ಆಗಿಬರದು, ಏನಿದ್ದರೂ ಕಾರ್ಡಿನಲ್ಲೇ. ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೈಯಲ್ಲೊಂದು ಚೀಲ ಹಿಡಿದು ಅತ್ತೆ ನಿಂತಿದ್ದಾಳೆ! ಜೊತೆಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಉಡುಪಿ ಹೊಟೇಲಿನ ಹುಡುಗ. ಸ್ಟೇಷನ್ನಿಗೆ ನಾನು ಬರುತ್ತೇನೆಂದು ಆಕೆ ಪ್ಲಾಟ್‌ಫಾರಂ ಮೇಲೆ ಎರಡೂವರೆ ತಾಸು ಕೂತಿದ್ದಳಂತೆ. ಕೊನೆಗೆ ಹೊರಗೆ ಬಂದು, ಕನ್ನಡ ಬೋರ್ಡು ಕಂಡ ಹೊಟೇಲಿನ ಗಲ್ಲೆಯ ಮೇಲಿದ್ದವರಿಗೆ ವಿಳಾಸದ ಚೀಟಿ ತೋರಿಸಿದ್ದಾಳೆ. ಆ ಪುಣ್ಯಾತ್ಮರು ಹುಡುಗನನ್ನು ಜೊತೆ ಮಾಡಿ ಕಳಿಸಿದ್ದಾರೆ.

"ಕಾರ್ಡ್ ಹಾಕಿದ್ನೆಲ್ಲೋ ತಮ್ಮಾ, ಮುಟ್ಟಲಿಲ್ಲೇನು?" ಎಂದಳು. ಮುಟ್ಟಿಲ್ಲ ಎಂದೆ. ಪೋಸ್ಟಿನವರನ್ನು ಬೈದೆ. ಮಾರನೆಯ ದಿನ ರದ್ದಿಯವನಿಗೆ ಹಾಕಲು ಕಾಗದ ಕಟ್ಟುತ್ತಿದ್ದಾಗ, ಮೂರು ಮಡಿಕೆಯ ಟ್ಯೂಷನ್ ಕ್ಲಾಸಿನ ಜಾಹೀರಾತಿನ ಒಳಗಿನಿಂದ ಅತ್ತೆಯ ಕಾರ್ಡು ಜಾರಿ ಬಿತ್ತು. ಹನ್ನೊಂದು ದಿನ ಮೊದಲೇ ಬಂದಿತ್ತು. ಪೋಸ್ಟ್‌ಮನ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ. ಡಬ್ಬಿಯಿಂದ ಎಲ್ಲವನ್ನೂ ಬಾಚಿ, ನೋಡದೆ ಮೂಲೆಗೆ ಒಗೆದವನು ನಾನು.

ಅತ್ತೆ ಬೈಯಲಿಲ್ಲ. ಆ ಜಾಹೀರಾತನ್ನು ತಿರುವಿ ತಿರುವಿ ನೋಡಿ ಕೇಳಿದಳು. "ನನ್ನ ಕಾರ್ಡಿಗೆ ಎಂಟಾಣೆ ಕೊಟ್ಟೇನಿ. ಇದಕ್ಕ ಎಷ್ಟು ಕೊಟ್ಟಿ?"

"ಅದು ಪುಕ್ಕಟೆ ಅತ್ತಿ. ಅವರೇ ಹಾಕಿ ಹೋಗ್ತಾರ."

"ಪುಕ್ಕಟೆ ಅಂದ್ರ? ಯಾರರೆ ರೊಕ್ಕ ಕೊಟ್ಟಿರಬೇಕಲ್ಲ?"

ಅತ್ತೆ ಈಗಿಲ್ಲ. ಆದರೆ ಆಕೆಯ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಈ ಕರೆಯದ ಕಾಗದಗಳ ಇತಿಹಾಸವನ್ನು ಹುಡುಕುತ್ತ ಹೋದಂತೆಲ್ಲ, ಅದರ ಕೀಲಿಕೈ ಇರುವುದು ಆಕೆಯ ಪ್ರಶ್ನೆಯಲ್ಲೇ ಎನಿಸಿತು. ಬನ್ನಿ, ಒಮ್ಮೆ ಹಿಂದಕ್ಕೆ ಹೋಗಿಬರೋಣ.

ಪಡೆಯುವವನೇ ದುಡ್ಡು ಕೊಡುತ್ತಿದ್ದ ಕಾಲ

ನಮ್ಮ ಭಾಷೆಯಲ್ಲಿ ಪತ್ರವ್ಯವಸ್ಥೆಗೆ 'ಅಂಚೆ' ಎಂಬ ಹೆಸರೇ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಅಂಚೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ನಡೆದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಉತ್ತರ ಕರ್ನಾಟಕದವರು ಇದನ್ನೇ ಟಪಾಲು ಎನ್ನುತ್ತೇವೆ. ಮುಂಬಯಿಗೆ ಬಂದ ಮೇಲೂ ಆ ಶಬ್ದ ಬದಲಿಸುವ ಪ್ರಸಂಗ ಬರಲಿಲ್ಲ, ಮರಾಠಿಯಲ್ಲೂ ಅದು ಟಪಾಲೇ.

ಹೆಸರು ಏನೇ ಇರಲಿ, ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಪತ್ರ ಎನ್ನುವುದು ಸಾಮಾನ್ಯರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಇಂಗ್ಲೆಂಡನ್ನೇ ನೋಡಿ. ಅಲ್ಲಿ ಎಷ್ಟು ದೂರ, ಎಷ್ಟು ಹಾಳೆ ಎಂದು ಲೆಕ್ಕ ಹಾಕಿ ದರ ಕಟ್ಟುತ್ತಿದ್ದರು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಹಾಳೆಯ ಪತ್ರಕ್ಕೆ ಒಂದು ಶಿಲ್ಲಿಂಗಿಗೂ ಮಿಕ್ಕಿ ಬೀಳುತ್ತಿತ್ತು. ಬಡ ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಇನ್ನೊಂದು ವಿಶೇಷವೆಂದರೆ, ಆ ದುಡ್ಡನ್ನು ಹೆಚ್ಚಾಗಿ ಕೊಡುತ್ತಿದ್ದವರು ಬರೆದವರಲ್ಲ, ಪಡೆಯುವವರು. ಅಂಚೆಯವನು ಬಾಗಿಲಿಗೆ ಬಂದು, ಕರೆದು, ಕಾಸು ಎಣಿಸಿಕೊಂಡು ಪತ್ರ ಕೊಡಬೇಕು. ಬೇಡ ಎಂದರೆ ಆತ ಪತ್ರವನ್ನು ವಾಪಸು ಒಯ್ಯಬೇಕು.

ಈಗ ಯೋಚಿಸಿ. ಅಂಥ ಕಾಲದಲ್ಲಿ ಒಬ್ಬ ವ್ಯಾಪಾರಿ ಸಾವಿರ ಮನೆಗೆ ತನ್ನ ಅಂಗಡಿಯ ಜಾಹೀರಾತು ಕಳಿಸಿದ್ದರೆ ಏನಾಗುತ್ತಿತ್ತು? ಅವನ ಜಾಹೀರಾತನ್ನು ಓದಲು ಜನ ತಮ್ಮ ಕಿಸೆಯಿಂದ ದುಡ್ಡು ಕೊಡಬೇಕು! ಯಾರು ಕೊಟ್ಟಾರು? ಮನೆಯ ಬಾಗಿಲಿಗೆ ಆಗ ಒಂದು ಕಾವಲಿತ್ತು. ಆ ಕಾವಲೇ ಅಂಚೆಯ ದರ.

ಬಾಗಿಲಿಗೆ ಸೀಳು ಬಿದ್ದದ್ದು

ಈ ಪದ್ಧತಿಯನ್ನು ಬುಡಮೇಲು ಮಾಡಿದವನು ರೋಲೆಂಡ್ ಹಿಲ್. ಆತ 1837ರಲ್ಲಿ ಅಂಚೆ ಸುಧಾರಣೆಯ ಬಗ್ಗೆ ಒಂದು ಪುಸ್ತಿಕೆ ಬರೆದ. ಪತ್ರ ಸಾಗಿಸುವ ಖರ್ಚು ಬಹಳ ಕಡಿಮೆ, ನಿಜವಾದ ಖರ್ಚು ಇರುವುದು ದರ ಲೆಕ್ಕ ಹಾಕುವುದರಲ್ಲಿ ಮತ್ತು ಮನೆಮನೆಯಲ್ಲಿ ನಿಂತು ಹಣ ವಸೂಲಿ ಮಾಡುವುದರಲ್ಲಿ ಎಂಬುದು ಆತನ ಮುಖ್ಯ ವಾದ. ಹಾಗಾಗಿ ದೇಶಕ್ಕೆಲ್ಲ ಒಂದೇ ದರ ಇಡಿ, ಆ ದುಡ್ಡನ್ನು ಕಳಿಸುವವನಿಂದ ಮೊದಲೇ ತೆಗೆದುಕೊಳ್ಳಿ ಎಂದ.

ಇದರಲ್ಲೊಂದು ತಮಾಷೆಯಿದೆ. ಈ ಸುಧಾರಣೆ ಗೆದ್ದದ್ದೇ ಕರಪತ್ರಗಳ ಬಲದಿಂದ. ಹಿಲ್‌ನ ಬೆಂಬಲಿಗನಾದ ಹೆನ್ರಿ ಕೋಲ್ ಎಂಬಾತ ಪ್ರಚಾರದ ಕಾಗದಗಳನ್ನು ಅಚ್ಚು ಹಾಕಿಸಿ ಹಂಚಿದ. ಕಂತುಕಂತಾಗಿ ಬರುತ್ತಿದ್ದ ಡಿಕನ್ಸ್‌ನ ಕಾದಂಬರಿ 'ನಿಕೋಲಸ್ ನಿಕಲ್ಬಿ'ಯ ಒಂದು ಕಂತಿನೊಳಗೂ 1839ರಲ್ಲಿ ಅಂಥ ಪ್ರಚಾರವನ್ನು ಸೇರಿಸಿ ಹೊಲಿಸಿದ. ಇಂದು ನಿಮ್ಮ ಪೇಪರಿನ ಮಡಿಕೆಯಿಂದ ಸೀರೆ ಅಂಗಡಿಯ ಕಾಗದ ಜಾರಿ ಕಾಲ ಮೇಲೆ ಬೀಳುತ್ತದಲ್ಲ, ಅದರ ಮುತ್ತಜ್ಜನೆನ್ನಿ! ಇದೇ ಕೋಲ್ 1843ರಲ್ಲಿ ಮೊದಲ ಕ್ರಿಸ್‌ಮಸ್ ಕಾರ್ಡನ್ನೂ ಅಚ್ಚು ಮಾಡಿಸಿದ.

1840ರ ಜನವರಿ 10ರಿಂದ ಬ್ರಿಟನ್ನಿನ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಪತ್ರ ಹೋಗತೊಡಗಿತು. ಆ ವರ್ಷ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿ 'ಪೆನ್ನಿ ಬ್ಲ್ಯಾಕ್' ಬಂತು. 1839ರಲ್ಲಿ ಸುಮಾರು 7.6 ಕೋಟಿ ಇದ್ದ ಪತ್ರಗಳ ಸಂಖ್ಯೆ 1840ರಲ್ಲಿ ಸುಮಾರು 16.9 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚು!

ಇನ್ನೊಂದು ಸಣ್ಣ ಬದಲಾವಣೆಯನ್ನು ಗಮನಿಸಿ. ದುಡ್ಡು ಮೊದಲೇ ಸಂದಾಯವಾಗಿದೆ. ಅಂದಮೇಲೆ ಪೋಸ್ಟ್‌ಮನ್ ಬಾಗಿಲಲ್ಲಿ ಯಾಕೆ ಕಾಯಬೇಕು? ಬಾಗಿಲಿಗೊಂದು ಸೀಳು ಇದ್ದರೆ ಪತ್ರವನ್ನು ಒಳಗೆ ತೂರಿಸಿ ಮುಂದಿನ ಮನೆಗೆ ನಡೆಯಬಹುದು. ಹಾಗಾಗಿ ಬಾಗಿಲುಗಳಿಗೆ ಸೀಳು ಮಾಡಿಸಿಕೊಳ್ಳಿ ಎಂದು ಅಲ್ಲಿನ ಅಂಚೆ ಇಲಾಖೆಯೇ ಜನರನ್ನು ಒತ್ತಾಯಿಸಿತು. ಬೆಲೆಬಾಳುವ ಬಾಗಿಲನ್ನು ಕೊರೆಸಬೇಕೇ ಎಂದು ಸಿಡುಕಿದ ಶ್ರೀಮಂತರೂ ಇದ್ದರು. ಆದರೂ ಬಾಗಿಲುಗಳಿಗೆ ಸೀಳು ಬಿತ್ತು.

ಅಂದರೆ, ಕಳಿಸುವವನು ದುಡ್ಡು ಕೊಡತೊಡಗಿದ ಮೇಲೆಯೇ ಮನೆಮನೆಯ ಟಪಾಲು ಡಬ್ಬಿ ಹುಟ್ಟಿತು. ಬೇಡದ ಕಾಗದಕ್ಕೆ ದಾರಿಯಾದದ್ದೂ ಅದೇ ಬದಲಾವಣೆಯಿಂದ. ಎರಡೂ ಒಂದೇ ಬಸಿರಿನಿಂದ ಬಂದ ಮಕ್ಕಳು. ಒಂದನ್ನು ಹೊಗಳಿ ಇನ್ನೊಂದನ್ನು ಬೈದರೆ ನ್ಯಾಯವಾಗದು.

ರಾತ್ರಿ ಬಂದ ತಂತಿ

ನಮ್ಮ ಮನೆಗಳಲ್ಲಿ 'ತಂತಿ ಬಂತು' ಎಂದರೆ ಓದುವ ಮೊದಲೇ ಹೆಂಗಸರು ಅಳಲು ಶುರುಮಾಡುತ್ತಿದ್ದರು. ನಮ್ಮ ದೇಶದ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು, ಆದರೆ ಆ ಎದೆ ಬಡಿತ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು.

1864ರ ಮೇ ತಿಂಗಳ ಕೊನೆಯಲ್ಲಿ ಲಂಡನ್ನಿನ ಗಣ್ಯರೊಬ್ಬರಿಗೆ ಸಂಜೆ ಹೊತ್ತು ಮೀರಿದ ಮೇಲೆ ಒಂದು ತಂತಿ ಬಂತು. ಗಾಬರಿಯಿಂದ ಒಡೆದರೆ ಒಳಗಿದ್ದದ್ದೇನು? ಹಾರ್ಲೆ ಸ್ಟ್ರೀಟಿನ ಗೇಬ್ರಿಯಲ್ ಎಂಬ ದಂತವೈದ್ಯರು ಅಕ್ಟೋಬರ್‌ವರೆಗೆ ಬೆಳಿಗ್ಗೆ 10ರಿಂದ 5ರವರೆಗೆ ಸಿಗುತ್ತಾರೆ ಎಂಬ ಸೂಚನೆ! ಆ ವೈದ್ಯರಿಗೂ ತನಗೂ ಯಾವ ಸಂಬಂಧವೂ ಇಲ್ಲ, ಇವರಿಗೆ ನನ್ನನ್ನು ಹೀಗೆ ಪೀಡಿಸುವ ಹಕ್ಕೇನು ಎಂದು ಅವರು 'ದಿ ಟೈಮ್ಸ್' ಪತ್ರಿಕೆಗೆ ಬರೆದರು. ಪತ್ರಿಕೆ ಆ ತಂತಿಯ ಒಕ್ಕಣೆಯ ಸಮೇತ ಅವರ ಪತ್ರವನ್ನು ಅಚ್ಚು ಹಾಕಿತು. ಪರಿಣಾಮ? ದಂತವೈದ್ಯರ ವೇಳೆ ಮತ್ತು ವಿಳಾಸ ಇಡೀ ಲಂಡನ್ನಿಗೆ ಪುಕ್ಕಟೆಯಾಗಿ ತಿಳಿಯಿತು.

ಆ ತಂತಿಗೆ ವೈದ್ಯರೇ ದುಡ್ಡು ಕೊಟ್ಟಿದ್ದರು, ನಿಜ. ಆದರೆ ಪಡೆದವರು ಏನನ್ನೂ ಕೊಡಲಿಲ್ಲವೇ? ಒಂದು ಗಳಿಗೆಯ ನೆಮ್ಮದಿ ಕೊಟ್ಟರು. ಇದಕ್ಕೆ ಯಾರೂ ರಸೀದಿ ಬರೆಯುವುದಿಲ್ಲ, ಅಷ್ಟೇ. 1978ರ ಮೇ 3ರಂದು ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಗ್ಯಾರಿ ತ್ಯೂರ್ಕ್ ಎಂಬಾತ ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಇಮೇಲ್ ಮಾಡಿದಾಗಲೂ ಜನ ಕೇಳಿದ್ದು ಇದನ್ನೇ. ಇವರಿಗೆ ಈ ಹಕ್ಕು ಕೊಟ್ಟವರು ಯಾರು?

ಅರ್ಧ ಆಣೆ, ಕಾಲಾಣೆ ಮತ್ತು ವಿ.ಪಿ.ಪಿ.

ಇನ್ನು ನಮ್ಮ ನೆಲಕ್ಕೆ ಬರೋಣ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, 1854ರ ಅಕ್ಟೋಬರ್ 1ರಿಂದ ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಅಂಚೆದರ ಬಂತು. ಕಾಲು ತೊಲ ತೂಕದ ಪತ್ರ ಅರ್ಧ ಆಣೆಗೆ ಎಷ್ಟು ದೂರಕ್ಕಾದರೂ ಹೋಗುತ್ತಿತ್ತು. ಸ್ಟಾಂಪು ಹಚ್ಚದೆ ಹಾಕಿದರೆ ಪಡೆಯುವವನು ದುಪ್ಪಟ್ಟು ತೆರಬೇಕು. ಇದೇ ನಮ್ಮ ಹಿರಿಯರು ಹೇಳುತ್ತಿದ್ದ 'ಬೇರಿಂಗ್' ಪತ್ರ. ಬೇರಿಂಗ್ ಬಂತೆಂದರೆ ಬಿಡಿಸಿಕೊಳ್ಳಬೇಕೋ ಬೇಡವೋ ಎಂದು ಅಂಗಳದಲ್ಲಿ ಸಭೆ ಸೇರುತ್ತಿದ್ದ ಮನೆಗಳಿದ್ದವು. 1879ರ ಜುಲೈ 1ರಂದು ಕಾಲಾಣೆಯ ಪೋಸ್ಟ್ ಕಾರ್ಡು ಬಂದ ಮೇಲಂತೂ ಬರೆಯುವುದಕ್ಕೆ ಬಡತನ ಅಡ್ಡಿಯಾಗಲಿಲ್ಲ.

ಆದರೆ ಜಾಹೀರಾತಿನ ಕಾಗದಕ್ಕೆ ನಮ್ಮಲ್ಲಿ ನಿಜವಾದ ಕಾಲು ಕೊಟ್ಟದ್ದು ಇನ್ನೊಂದು ಏರ್ಪಾಡು, 1877ರಲ್ಲಿ ಆರಂಭವಾದ ವಿ.ಪಿ.ಪಿ. ಇದರ ನಡೆ ನಿಮಗೆ ಗೊತ್ತು. ಕ್ಯಾಟಲಾಗು ನೋಡಿ ನೀವೊಂದು ಕಾರ್ಡು ಬರೆಯುತ್ತೀರಿ. ಮುಂಬಯಿಯ ಅಥವಾ ಕಲಕತ್ತೆಯ ಅಂಗಡಿಯವನು ಮಾಲು ಕಳಿಸುತ್ತಾನೆ. ಪೋಸ್ಟ್‌ಮನ್ ಹಣ ಪಡೆದು ಮಾಲು ಕೊಟ್ಟು, ಆ ಹಣವನ್ನು ಅಂಗಡಿಯವನಿಗೆ ಮುಟ್ಟಿಸುತ್ತಾನೆ. ಗುರುತಿಲ್ಲದ ಇಬ್ಬರ ನಡುವೆ ಅಂಚೆ ಇಲಾಖೆ ಜಾಮೀನು ನಿಂತಂತೆ.

ಇದಿಲ್ಲದಿದ್ದರೆ ದೂರದ ಊರಿಗೆ ಜಾಹೀರಾತು ಕಳಿಸಿ ಏನು ಪ್ರಯೋಜನ? ಓದಿದವನಿಗೆ ಆಸೆ ಹುಟ್ಟಬಹುದು, ಆದರೆ ಕೊಳ್ಳುವ ದಾರಿ ಇರುವುದಿಲ್ಲ. ವಿ.ಪಿ.ಪಿ. ಆ ದಾರಿ ಹಾಕಿತು. ಔಷಧಿ, ಗಡಿಯಾರ, ಬೀಜ, ಪಂಚಾಂಗ, ಪುಸ್ತಕ ಎಲ್ಲವೂ ಹಳ್ಳಿಯವರೆಗೆ ನಡೆದವು. ಒಂದು ಕಾಲದಲ್ಲಿ ಹಳ್ಳಿಯ ಮನೆಯಲ್ಲಿ ಕ್ಯಾಟಲಾಗು ಎಂದರೆ ಕಸವಲ್ಲ. ಮಕ್ಕಳು ಅದರ ಚಿತ್ರ ಕತ್ತರಿಸಿ ಪಟ್ಟಿಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು, ಹಿರಿಯರು ಅದರ ಬಿಳಿ ಬೆನ್ನಿನ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದರು.

ಓದಿದವನೇ ಕಳಿಸಬೇಕಾದ ಪತ್ರ

'ಈ ಪತ್ರವನ್ನು ಓದಿದವರು ಹದಿಮೂರು ಜನಕ್ಕೆ ಬರೆಯಬೇಕು. ಬರೆದವರಿಗೆ ಲಾಟರಿ ಹತ್ತಿತು. ಹರಿದು ಹಾಕಿದವರ ಎತ್ತು ಸತ್ತಿತು.' ಇಂಥ ಕಾರ್ಡು ನಿಮ್ಮ ಮನೆಗೂ ಬಂದಿರಬೇಕಲ್ಲವೇ? ಒಮ್ಮೆ ತಿರುಪತಿ ತಿಮ್ಮಪ್ಪನ ಹೆಸರಲ್ಲಿ, ಇನ್ನೊಮ್ಮೆ ಸಂತೋಷಿ ಮಾತೆಯ ಹೆಸರಲ್ಲಿ. ಕಳಿಸಿದವರ ಹೆಸರು ಮಾತ್ರ ಎಂದೂ ಇರುತ್ತಿರಲಿಲ್ಲ.

ಇದು ನಮ್ಮದೇ ಮೌಢ್ಯ ಎಂದು ನಾಚಿಕೊಳ್ಳಬೇಡಿ. 1935ರ ವಸಂತದಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಒಂದು ಸರಪಳಿ ಪತ್ರ ಹುಟ್ಟಿತು. ಅದರಲ್ಲಿ ಆರು ಹೆಸರುಗಳಿರುತ್ತಿದ್ದವು. ಮೇಲಿನ ಹೆಸರಿಗೆ ಹತ್ತು ಸೆಂಟ್ ಕಳಿಸಿ, ಆ ಹೆಸರು ಹೊಡೆದುಹಾಕಿ, ಕೆಳಗೆ ನಿಮ್ಮ ಹೆಸರು ಸೇರಿಸಿ ಐದು ಜನಕ್ಕೆ ಕಳಿಸಬೇಕು. ಸರಪಳಿ ಎಲ್ಲಿಯೂ ತುಂಡಾಗದಿದ್ದರೆ ನಿಮ್ಮ ಹೆಸರು ಮೇಲೆ ಬರುವ ಹೊತ್ತಿಗೆ 15,625 ಜನ ಹತ್ತು ಹತ್ತು ಸೆಂಟ್ ಕಳಿಸಿ, ನಿಮಗೆ 1,562 ಡಾಲರ್ ಐವತ್ತು ಸೆಂಟ್ ಬರುತ್ತದೆ ಎಂಬ ಲೆಕ್ಕ. ಕೆಲಸವಿಲ್ಲದೆ ಜನ ಕಂಗೆಟ್ಟಿದ್ದ ಕಾಲ ಅದು. ಡೆನ್ವರ್‌ನ ಅಂಚೆ ಕಚೇರಿ ಪತ್ರಗಳ ರಾಶಿಯಲ್ಲಿ ಮುಳುಗಿಹೋಯಿತು.

ಅತ್ತೆಯ ಪ್ರಶ್ನೆಯನ್ನು ಇಲ್ಲಿಗೂ ಹಚ್ಚಿ ನೋಡಿ. ಜಾಹೀರಾತಿನವನು ತನ್ನ ಖರ್ಚಿನಲ್ಲಿ ಕಳಿಸುತ್ತಾನೆ. ಸರಪಳಿ ಪತ್ರದವನು ಇನ್ನೂ ಜಾಣ. ಹೆದರಿಕೆಯನ್ನೋ ಆಸೆಯನ್ನೋ ಮುಂದಿಟ್ಟು ಓದಿದವನ ಕೈಯಲ್ಲೇ ಹದಿಮೂರು ಕಾರ್ಡು ಕೊಳ್ಳಿಸುತ್ತಾನೆ. ಇಂದು ಮೊಬೈಲಿನಲ್ಲಿ 'ಹತ್ತು ಗುಂಪಿಗೆ ಕಳಿಸಿ' ಎಂದು ಬರುವುದು ಅದೇ ಕಾರ್ಡಿನ ಮೊಮ್ಮಗ. ಈಗ ಎಂಟಾಣೆಯೂ ಬೇಡವಾದ್ದರಿಂದ ಕಳಿಸುವ ಮೊದಲು ಯೋಚಿಸುವ ಒಂದು ಗಳಿಗೆಯೂ ಹೋಯಿತು.

ಬೆಂಕಿಗೆ ಬಿದ್ದ ಟಪಾಲು

ಇಷ್ಟು ಓದಿದ ಮೇಲೆ, ಇಂಥ ಕಾಗದಗಳನ್ನೆಲ್ಲ ಸರಕಾರವೇ ತಡೆಯಬಾರದೇ ಎಂದು ನಿಮಗೆ ಅನಿಸಿರಬಹುದು. ನನಗೂ ಅನಿಸಿತ್ತು. ಆದರೆ ಪೆನ್ನಿ ಅಂಚೆಗೂ ಐದು ವರ್ಷ ಮೊದಲು ಅಮೆರಿಕದಲ್ಲಿ ನಡೆದ ಒಂದು ಘಟನೆ ನನ್ನ ಅಭಿಪ್ರಾಯವನ್ನು ಅಲುಗಿಸಿತು.

1835ರಲ್ಲಿ ಅಲ್ಲಿನ ಗುಲಾಮಗಿರಿ ವಿರೋಧಿ ಸಂಘ ಒಂದು ಹೊಸ ಉಪಾಯ ಹೂಡಿತು. ಉಗಿಯಂತ್ರದ ಮುದ್ರಣದಿಂದ ಅಚ್ಚಿನ ಖರ್ಚು ಇಳಿದಿತ್ತು. ದಕ್ಷಿಣದ ರಾಜ್ಯಗಳ ಪಾದ್ರಿಗಳು, ಅಧಿಕಾರಿಗಳು, ಊರ ದೊಡ್ಡವರ ಹೆಸರು ಹೆಕ್ಕಿ, ಅವರು ಕೇಳದಿದ್ದರೂ ಗುಲಾಮಗಿರಿಯನ್ನು ಖಂಡಿಸುವ ಪತ್ರಿಕೆಗಳನ್ನು ಅಂಚೆಗೆ ಹಾಕಿತು. ಒಂದೆರಡಲ್ಲ, ಲಕ್ಷಕ್ಕೂ ಮಿಕ್ಕಿ ಪ್ರತಿಗಳು. ಕರೆಯದೆ ಬಂದ ಟಪಾಲಿನ ಮೊದಲ ದೊಡ್ಡ ಪ್ರವಾಹವೆಂದರೆ ಇದೇ. ಇದು ಮಾರಾಟಕ್ಕಾಗಿ ಹೊರಟದ್ದಲ್ಲ, ಮನುಷ್ಯರ ಮಾರಾಟವನ್ನು ನಿಲ್ಲಿಸಿ ಎಂದು ಹೇಳಲು ಹೊರಟದ್ದು.

ಜುಲೈ 29ರಂದು ಆ ಚೀಲಗಳು ಹಡಗಿನಲ್ಲಿ ಚಾರ್ಲ್ಸ್‌ಟನ್ ನಗರಕ್ಕೆ ಬಂದವು. ಆ ರಾತ್ರಿ ಒಂದು ಗುಂಪು ಅಂಚೆ ಕಚೇರಿಯನ್ನು ಒಡೆದು ಆ ಕಾಗದಗಳನ್ನು ಎತ್ತಿಕೊಂಡು ಹೋಯಿತು. ಮರುರಾತ್ರಿ ಊರ ಮುಂದೆ ಅವನ್ನು ಸುಟ್ಟರು, ಜೊತೆಗೆ ಸಂಘದ ಮುಖಂಡರ ಪ್ರತಿಕೃತಿಗಳನ್ನೂ ಸುಟ್ಟರು. ಅಂಚೆ ಇಲಾಖೆಯ ಮುಖ್ಯಸ್ಥ ಏಮಸ್ ಕೆಂಡಾಲ್ ಇದನ್ನು ತಡೆಯುವ ಬದಲು, ಇಂಥ ಕಾಗದ ಹಂಚದಿದ್ದರೂ ನಡೆದೀತು ಎಂಬಂತೆ ನಡೆದುಕೊಂಡ. ಅಧ್ಯಕ್ಷ ಜಾಕ್ಸನ್ ಈ ಟಪಾಲನ್ನು ನಿಷೇಧಿಸುವ ಕಾನೂನನ್ನೇ ಕೇಳಿದ. ಕಾಂಗ್ರೆಸ್ ಒಪ್ಪಲಿಲ್ಲ. ಬದಲಿಗೆ 1836ರ ಕಾಯಿದೆ, ಪೋಸ್ಟ್‌ಮಾಸ್ಟರುಗಳು ಬೇಕೆಂದೇ ಟಪಾಲನ್ನು ತಡೆಹಿಡಿಯುವುದು ಅಪರಾಧ ಎಂದಿತು. ಆದರೂ ದಕ್ಷಿಣದಲ್ಲಿ ತಡೆಯುವುದು ನಡೆದೇ ಇತ್ತು.

ಚಾರ್ಲ್ಸ್‌ಟನ್ನಿನ ಧನಿಕರಿಗೆ ಅದು ಕಸ. ಅವರ ಹೊಲದಲ್ಲಿ ದುಡಿಯುತ್ತಿದ್ದ ಗುಲಾಮನ ಪಾಲಿಗೆ? ಅವನಿಗೆ ಓದು ಬಾರದಂತೆ ನೋಡಿಕೊಂಡಿದ್ದರು. ಆದರೂ ಆ ಕಾಗದದಲ್ಲಿದ್ದದ್ದು ಅವನ ಮಾತು.

ನಮ್ಮಲ್ಲೂ ಹೀಗೇ. 1942ರ ಚಲೇಜಾವ್ ಚಳವಳಿಯಲ್ಲಿ ಮುಖಂಡರೆಲ್ಲ ಜೈಲಿಗೆ ಹೋದಾಗ, ಭೂಗತ ಕಾರ್ಯಕರ್ತರು ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳನ್ನು ಹಂಚುತ್ತಿದ್ದರು. ಅದೇ ದಿನಗಳಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿದರು, ನವೆಂಬರಿನಲ್ಲಿ ಸಿಕ್ಕಿಬಿದ್ದರು. ಆ ಕರಪತ್ರಗಳನ್ನು ಯಾರೂ ಚಂದಾ ಕಟ್ಟಿ ತರಿಸಿರಲಿಲ್ಲ. ಯಾವ ಕಾಗದ ಕಸ, ಯಾವುದು ಅಲ್ಲ ಎಂದು ಹೇಳುವ ಅಧಿಕಾರವನ್ನು ಸರಕಾರದ ಕೈಗೆ ಕೊಟ್ಟಿದ್ದರೆ, ಆಗಿನ ಸರಕಾರ ಯಾವುದನ್ನು ಮೊದಲು ಬೆಂಕಿಗೆ ಹಾಕುತ್ತಿತ್ತೆಂದು ಹೇಳಬೇಕಿಲ್ಲ.

ಬೇಡ ಎನ್ನುವ ಹಕ್ಕು

ಹಾಗಾದರೆ ಬಾಗಿಲ ಕಾವಲು ಯಾರದು? ಕಳಿಸುವವನದಲ್ಲ. ಅವನಿಗೆ ಬಿಟ್ಟರೆ ಡಬ್ಬಿ ಉಕ್ಕಿ ಹರಿಯುತ್ತದೆ. ಸರಕಾರದ್ದೂ ಅಲ್ಲ, ಅದನ್ನು ಈಗಷ್ಟೇ ನೋಡಿದೆವು. ಉಳಿದವರು ಮನೆಯವರು ಮಾತ್ರ.

ಈ ಸರಳ ಮಾತನ್ನು ಒಪ್ಪಿಸಲು ನ್ಯಾಯಾಲಯಗಳೇ ಬೇಕಾದವು. ಅಮೆರಿಕದಲ್ಲಿ 1967ರ ಒಂದು ಕಾನೂನು, ತನಗೆ ಅಶ್ಲೀಲವೆನಿಸಿದ ಜಾಹೀರಾತು ಕಳಿಸುವವರ ಪಟ್ಟಿಯಿಂದ ತನ್ನ ಹೆಸರು ತೆಗೆಸಲು ಮನೆಯವರಿಗೆ ಹಕ್ಕು ಕೊಟ್ಟಿತು. ಯಾವುದು ಅಂಥದ್ದು ಎಂದು ನಿರ್ಧರಿಸುವುದು ಪಡೆದವರ ಇಷ್ಟ. ಇದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಟಪಾಲು ವ್ಯಾಪಾರದವರು ಕೋರ್ಟಿಗೆ ಹೋದರು. 1970ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರೋವನ್ ಪ್ರಕರಣದಲ್ಲಿ ಮನೆಯವರ ಪರವಾಗಿ ನಿಂತಿತು. ಹೇಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಆದರೆ ಒಲ್ಲದವನ ಮನೆಯೊಳಗೆ ನುಗ್ಗಿ ಹೇಳುವ ಹಕ್ಕು ಯಾರಿಗೂ ಇಲ್ಲ ಎಂಬುದು ಆ ತೀರ್ಪಿನ ಸಾರ.

1988ರಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯ, ಡಬ್ಬಿಯ ಮೇಲೆ 'ಜಾಹೀರಾತು ಬೇಡ' ಎಂದು ಚೀಟಿ ಅಂಟಿಸಿದ್ದರೆ ಅದನ್ನು ಗೌರವಿಸಲೇಬೇಕು ಎಂದಿತು. ಆಮ್‌ಸ್ಟರ್‌ಡಾಂ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 2018ರ ಜನವರಿ 1ರಿಂದ 'ಬೇಕು' ಎಂಬ ಚೀಟಿ ಇರುವ ಡಬ್ಬಿಗೆ ಮಾತ್ರ ಹೆಸರಿಲ್ಲದ ಜಾಹೀರಾತು ಹಾಕಬಹುದು. ಏನೂ ಚೀಟಿ ಇಲ್ಲವೆಂದರೆ ಬೇಡ ಎಂದೇ ಅರ್ಥ. ಅಚ್ಚಿನವರು ವಿರೋಧಿಸಿ ಕೋರ್ಟು ಹತ್ತಿದರೂ 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಗರದ ನಿಯಮವನ್ನು ಎತ್ತಿಹಿಡಿಯಿತು.

ನಮ್ಮ ದೇಶದ ಕಥೆ ಸ್ವಲ್ಪ ಬೇರೆ. 1972ರ ಆಗಸ್ಟ್ 15ರಂದು ಶ್ರೀರಾಮ ಭಿಕಾಜಿ ವೇಲಣಕರ ಅವರು ರೂಪಿಸಿದ ಆರಂಕಿಯ ಪಿನ್ ಕೋಡ್ ಬಂತು. ವೇಲಣಕರ ಅವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹಲವು ಲಿಪಿಗಳ ವಿಳಾಸಗಳು ಇರುವ ದೇಶದಲ್ಲಿ ಪತ್ರ ದಾರಿ ತಪ್ಪದಿರಲಿ ಎಂಬುದು ಉದ್ದೇಶ. ಪತ್ರಕ್ಕೆ ದಾರಿ ತೋರಿದ ಅಂಕಿ, ಯಾವ ಬಡಾವಣೆಗೆ ಏನು ಮಾರಬೇಕೆಂದು ವ್ಯಾಪಾರಿಗೂ ದಾರಿ ತೋರಿತು. 2005ರಲ್ಲಿ ಅಂಚೆ ಇಲಾಖೆಯೇ 'ಡೈರೆಕ್ಟ್ ಪೋಸ್ಟ್' ಎಂಬ ಸೇವೆ ತೆರೆದು, ಹೆಸರು ವಿಳಾಸ ಇಲ್ಲದ ಜಾಹೀರಾತನ್ನು ಮನೆಮನೆಗೆ ಹಾಕುವ ಕೆಲಸಕ್ಕೆ ಇಳಿಯಿತು. ಖಾಸಗಿ ಪತ್ರ ಕಡಿಮೆಯಾಗುತ್ತಿದ್ದ ಕಾಲದಲ್ಲಿ ಇಲಾಖೆಯೂ ಹೊಟ್ಟೆ ಹೊರೆಯಬೇಕಲ್ಲ!

ದೂರವಾಣಿಯ ಕಾಟಕ್ಕೆ ನಮ್ಮಲ್ಲಿ 2007ರಲ್ಲೇ 'ಕರೆ ಬೇಡ' ಎಂಬ ರಾಷ್ಟ್ರೀಯ ನೋಂದಣಿ ಶುರುವಾಯಿತು. ಮುಂದೆ 1909 ಸಂಖ್ಯೆ ಬಂತು. ಅದು ಎಷ್ಟು ಫಲಿಸಿದೆ ಎಂಬುದನ್ನು ಮಧ್ಯಾಹ್ನದ ನಿದ್ದೆ ಕೆಡಿಸಿಕೊಂಡ ನೀವೇ ಹೇಳಬೇಕು. ಆದರೂ ಬೇಡ ಎನ್ನಲು ಒಂದು ಕಿಟಕಿಯಾದರೂ ಇದೆ. ಮೆಟ್ಟಿಲ ಬುಡದ ತಗಡಿನ ಡಬ್ಬಿಗೆ ಅಂಥ ನೋಂದಣಿ ಇಲ್ಲ.

ನಮ್ಮ ಸೊಸೈಟಿಯಲ್ಲಿ ಮಾಡಿದ್ದು

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಸೊಸೈಟಿಯ ಸಭೆಯಲ್ಲಿ ನಾನು ಅತ್ತೆಯ ಕಥೆ ಹೇಳಿದೆ. ಕರಪತ್ರದವರನ್ನು ಗೇಟಿನಲ್ಲೇ ತಡೆಯಬೇಕೆಂದು ಕೆಲವರು ಹೇಳಿದರು. ಎರಡನೆಯ ಮಹಡಿಯ ಆಯಿ ಒಪ್ಪಲಿಲ್ಲ. ಆಕೆ ಮನೆಯಲ್ಲೇ ಡಬ್ಬಿ ಊಟ ಮಾಡಿ ಕಳಿಸುವವರು. "ಮೊದಲು ನನಗೆ ಗಿರಾಕಿ ಸಿಕ್ಕಿದ್ದೇ ಇಂಥ ಡಬ್ಬಿಗಳಿಗೆ ನೂರು ಚೀಟಿ ಹಾಕಿ" ಎಂದರು. ಸಭೆ ಸುಮ್ಮನಾಯಿತು.

ಕೊನೆಗೆ ಒಂದು ಹಾದಿ ಸಿಕ್ಕಿತು. ಸಾಲಿನ ಕೊನೆಯಲ್ಲಿ ಒಂದು ಮರದ ಗೂಡು ಮಾಡಿಸಿದೆವು. ಹೆಸರಿಲ್ಲದ ಕಾಗದವೆಲ್ಲ ಅದರಲ್ಲಿ, ಬೇಕಾದವರು ಎತ್ತಿಕೊಳ್ಳಲಿ. ಹೆಸರು ಬರೆದು ಬಂದದ್ದು ಮಾತ್ರ ಅವರವರ ಡಬ್ಬಿಗೆ. ವಾಚ್‌ಮನ್‌ಗೆ ಹೇಳಿಟ್ಟೆವು, ಗೋಡೆಗೆ ಎರಡು ಭಾಷೆಯಲ್ಲಿ ಚೀಟಿ ಅಂಟಿಸಿದೆವು. ಹತ್ತರಲ್ಲಿ ಏಳು ಜನ ಪಾಲಿಸುತ್ತಾರೆ. ಕಾನೂನಿಲ್ಲದ ಊರಿನಲ್ಲಿ ಅದು ಕಡಿಮೆಯೇನಲ್ಲ. ನಿಮ್ಮ ಕಟ್ಟಡದಲ್ಲೂ ಮಾಡಿ ನೋಡಬಹುದು.

ಆದರೂ ಹಳೆಯ ಭಯ ಹೋಗಿಲ್ಲ. ಪ್ರತಿ ಭಾನುವಾರ ರದ್ದಿ ಕಟ್ಟುವ ಮೊದಲು ಒಂದೊಂದೇ ಕಾಗದ ಬಿಡಿಸಿ ಕೊಡವುತ್ತೇನೆ. ಈಗ ಕಾರ್ಡು ಬರೆಯುವವರು ಯಾರೂ ಉಳಿದಿಲ್ಲವೆಂದು ಗೊತ್ತು. ಮನೆಯವರು ನಗುತ್ತಾರೆ, ನಗಲಿ. ಕಳೆದ ವರ್ಷ ಹೀಗೆ ಕೊಡವುವಾಗ ಹಳದಿ ಬಣ್ಣದ ಒಂದು ಸಣ್ಣ ಕಾಗದ ಬಿತ್ತು. ನಮ್ಮ ಉಪನಗರದ ಕನ್ನಡಿಗರು ಸೇರಿ ಮಕ್ಕಳಿಗೆ ಭಾನುವಾರ ಕನ್ನಡ ಓದು ಬರಹ ಕಲಿಸುತ್ತಾರೆ, ಶುಲ್ಕವಿಲ್ಲ ಎಂದು ಅದರಲ್ಲಿತ್ತು. ಮೊಮ್ಮಗಳು ಈಗ ಅಲ್ಲಿಗೆ ಹೋಗುತ್ತಾಳೆ. ಆ ಕಾಗದವನ್ನೂ ನಾನು ಕೇಳಿ ತರಿಸಿರಲಿಲ್ಲ.

ಹಾಂ, ಒಂದು ಮಾತು. ನಿಮ್ಮ ಕೈಯಲ್ಲಿರುವ ಈ ಪತ್ರಿಕೆ ಹಾಗಲ್ಲ. ನೀವು ಕೇಳಿ, ವಿಳಾಸ ಕೊಟ್ಟಿದ್ದಕ್ಕೆ ಬಂದದ್ದು. ಬೇಡವೆನಿಸಿದ ದಿನ ಒಂದು ಸಾಲು ಬರೆದು ತಿಳಿಸಿ, ಮುಂದಿನ ಸಂಚಿಕೆಯಿಂದ ನಿಲ್ಲಿಸುತ್ತೇವೆ. ಬೇಕೆನಿಸಿದರೆ ನಿಮ್ಮ ಡಬ್ಬಿಯಲ್ಲಿ ಸಿಕ್ಕ ಮರೆಯಲಾಗದ ಕಾಗದದ ಕಥೆ ಬರೆದು ಕಳಿಸಿ. ಕಾರ್ಡಿನಲ್ಲಿ ಬರೆದರೆ ಇನ್ನೂ ಸಂತೋಷ. ನೋಡದೆ ಒಗೆಯುವುದಿಲ್ಲ, ಮಾತು ಕೊಡುತ್ತೇನೆ.